ರೈಫಲ್‌ಗೆ ಸ್ಕೋಪ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೋಪ್ ಕೆಡುವುದು ಗುಂಡು ಹೊಡೆಯುವಾಗ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸ್ಕೋಪ್‌ಗಳು ಕೆಡುವುದು ಅದಕ್ಕೂ ಮುಂಚೆ, ಮನೆಯ ಮೇಜಿನ ಮೇಲೆ, ಅಲೆನ್ ಕೀ ಹಿಡಿದ ಕೈಯಿಂದಲೇ. "ಇರಲಿ, ಇನ್ನೊಂಚೂರು ಬಿಗಿ ಮಾಡೋಣ" ಅನ್ನುತ್ತೇವಲ್ಲ, ಅಲ್ಲೇ ತೊಂದರೆ. ಸ್ಕೋಪ್ ಅಂದರೆ ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ದುರ್ಬೀನು, ತೆಳ್ಳಗಿನ ಅಲ್ಯೂಮಿನಿಯಂ ಕೊಳವೆ. ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ಅದನ್ನು ಒತ್ತಿ ಹಿಡಿದಿರುವ ಒಂದು ಸ್ಪ್ರಿಂಗ್, ನಾಲ್ಕಾರು ಗಾಜು. ಹೊರಗೆ ಒತ್ತಿದ್ದು ಒಳಗೆ ತಾಗುತ್ತದೆ. ಏರ್ ರೈಫಲ್ ಇರುವವರು, ಪರವಾನಗಿ ಇರುವ .22 ಅಥವಾ ಬೋಲ್ಟ್ ರೈಫಲ್ ಇರುವವರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು.

ಕೆಲಸ ಶುರು ಮಾಡುವ ಮೊದಲು ಏನು ನೋಡಬೇಕು?

ಕೋವಿ ಖಾಲಿ ಇದೆಯಾ ಅಂತ. ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆದು ಚೇಂಬರ್ ಒಳಗೆ ಕಣ್ಣಾರೆ ನೋಡಿ, ಆಮೇಲೆ ಬೋಲ್ಟನ್ನೇ ಹೊರಗೆ ತೆಗೆದು ಪಕ್ಕಕ್ಕಿಡಿ. ಏರ್ ರೈಫಲ್ ಆದರೆ ಕಾಕ್ ಆಗಿಲ್ಲ, ಒಳಗೆ ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗುಂಡುಗಳು ಆ ಕೋಣೆಯಲ್ಲೇ ಬೇಡ. ನಳಿಕೆ ಯಾರ ಕಡೆಗೂ ತಿರುಗಿರಬಾರದು, ಖಾಲಿ ಇದ್ದರೂ ಅಷ್ಟೆ.

ಇನ್ನು ಸಾಮಾನು: ಮೂಲೆ ಸವೆಯದ ಅಲೆನ್ ಅಥವಾ ಟಾರ್ಕ್ಸ್ ಬಿಟ್, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಬನಿಯನ್ ಬಟ್ಟೆ, ಒಂದು ತೂಗುಗುಂಡು, ಸಾಧ್ಯ ಆದರೆ ಟಾರ್ಕ್ ಡ್ರೈವರ್ (ಎಷ್ಟು ಬಿಗಿ ಆಯಿತು ಅಂತ ಅಂಕಿಯಲ್ಲಿ ತೋರಿಸುವ ಸ್ಕ್ರೂಡ್ರೈವರ್). ರೈಫಲ್ ಅಲುಗಾಡದೆ ಕೂರಲು ದಿಂಬೋ ಮರಳಿನ ಚೀಲವೋ ಸಾಕು.

ಯಾವ ಅಳತೆಯ ರಿಂಗ್ ತಗೊಳ್ಳಬೇಕು?

ಸ್ಕೋಪ್‌ನ ನಡುಕೊಳವೆಯ ಅಳತೆಗೆ ಸರಿಯಾದದ್ದು. ರಿಂಗ್ ಅಂದರೆ ಆ ಕೊಳವೆಯನ್ನು ಸುತ್ತಿ ರೈಫಲ್ ಮೇಲೆ ಹಿಡಿದಿಡುವ ಬಳೆ. ಸಾಮಾನ್ಯವಾಗಿ ಸಿಗುವುದು ಒಂದು ಇಂಚು, ಅಂದರೆ 25.4 ಮಿ.ಮೀ., ಆಮೇಲೆ 30 ಮಿ.ಮೀ. ದುಬಾರಿ ಸ್ಕೋಪ್‌ಗಳಲ್ಲಿ 34 ಮಿ.ಮೀ. ಕೂಡ ಇದೆ. "25 ಮಿ.ಮೀ. ರಿಂಗ್" ಅಂತ ಅಂಗಡಿಯವರು ಕೊಡುವುದು ಬಹುಪಾಲು ಒಂದು ಇಂಚಿನದೇ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ 30ರ ರಿಂಗ್ ಒಳಗೆ ಒಂದು ಇಂಚಿನ ಸ್ಕೋಪ್ ಇಟ್ಟು ಸುತ್ತಲೂ ಟೇಪ್ ಸುತ್ತುವ ಸಾಹಸ ಬೇಡ. ಅದಕ್ಕೆಂದೇ ಮಾಡಿದ ಒಳಬಳೆ ಸಿಗುತ್ತದೆ, ಇಲ್ಲದಿದ್ದರೆ ಸರಿಯಾದ ರಿಂಗ್ ತಗೊಳ್ಳಿ.

ಡವ್‌ಟೇಲ್, ವೀವರ್, ಪಿಕಟಿನಿ... ನನ್ನ ರೈಫಲ್‌ನಲ್ಲಿ ಇರುವುದು ಯಾವುದು?

ರೈಫಲ್ ಮೇಲ್ಭಾಗ ನೋಡಿ. ಉದ್ದಕ್ಕೆ ಎರಡು ಗೀರು ಮಾತ್ರ ಇದ್ದರೆ ಅದು ಡವ್‌ಟೇಲ್. ಏರ್ ರೈಫಲ್‌ಗಳಲ್ಲಿ, .22ಗಳಲ್ಲಿ ಇದೇ ಜಾಸ್ತಿ. 11 ಮಿ.ಮೀ. ಅಂತ ಕರೆದರೂ ಅಳತೆ ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಹಾಗಾಗಿ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ತಗೊಳ್ಳುವುದು ಒಳ್ಳೆಯದು.

ಅಡ್ಡಡ್ಡ ಕಚ್ಚುಗಳು ಇದ್ದರೆ ವೀವರ್ ಅಥವಾ ಪಿಕಟಿನಿ. ಪಿಕಟಿನಿಯ ಕಚ್ಚು 5.23 ಮಿ.ಮೀ. ಅಗಲ, ಒಂದು ಕಚ್ಚಿನ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 10 ಮಿ.ಮೀ., ಎಲ್ಲಾ ಕಡೆ ಒಂದೇ ಸಮ. ವೀವರ್ ಕಚ್ಚು 4.57 ಮಿ.ಮೀ., ನಡುವಿನ ಅಂತರಕ್ಕೆ ಅಂಥ ನಿಯಮ ಇಲ್ಲ. ಆದ್ದರಿಂದ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಟಿನಿ ಮೇಲೆ ಕೂರುತ್ತದೆ, ಪಿಕಟಿನಿ ರಿಂಗ್‌ನ ಅಡ್ಡಬೋಲ್ಟ್ ವೀವರ್ ಕಚ್ಚಿಗೆ ಇಳಿಯುವುದಿಲ್ಲ. ಇಳಿಯಲಿಲ್ಲ ಅಂತ ಅರ ಹಿಡಿದು ಉಜ್ಜುವವರೂ ಇದ್ದಾರೆ. ಬೇಡಪ್ಪ.

ಇಲ್ಲೊಂದು ವಿಷಯ. ಕಚ್ಚಿನಲ್ಲಿ ಅಡ್ಡಬೋಲ್ಟ್ ಸ್ವಲ್ಪ ಹಿಂದೆ ಮುಂದೆ ಆಡುತ್ತದೆ. ಬಿಗಿ ಮಾಡುವ ಮೊದಲು ರಿಂಗನ್ನು ನಳಿಕೆಯ ಕಡೆಗೆ ಒತ್ತಿ ಹಿಡಿಯಿರಿ. ಬಂದೂಕು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಬೋಲ್ಟ್ ಮೊದಲೇ ಕಚ್ಚಿನ ಮುಂಗೋಡೆಗೆ ತಾಗಿದ್ದರೆ ಜಾರಲು ಜಾಗವೇ ಇರುವುದಿಲ್ಲ. ಹಾಗೆ ಮಾಡದಿದ್ದರೆ ಮೊದಲ ಹತ್ತಾರು ಗುಂಡಿನಲ್ಲಿ ತಾನಾಗೇ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನೀವು ಕಷ್ಟಪಟ್ಟು ಹಿಡಿದ ಝೀರೋ, ಅಂದರೆ ಗೆರೆ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ, ಅದರ ಜೊತೆಗೇ ಹೋಗುತ್ತದೆ.

ರಿಂಗ್ ಎಷ್ಟು ಎತ್ತರ ಇರಬೇಕು?

ಮುಂದಿನ ದೊಡ್ಡ ಗಾಜಿನ ಭಾಗ ನಳಿಕೆಗೆ ತಾಗಬಾರದು, ಅಷ್ಟು. 40 ಮಿ.ಮೀ. ಗಾಜಿನ ಸ್ಕೋಪ್‌ಗೆ ಹೊರಗಿನ ಅಳತೆ ಇನ್ನೂ ಜಾಸ್ತಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ, ಮುಚ್ಚಳ ಹಾಕುವವರಾದರೆ ಅದರ ದಪ್ಪವನ್ನೂ ಸೇರಿಸಿ. ಎರಡು ಮೂರು ಮಿ.ಮೀ. ಸಂದು ಇದ್ದರೆ ಸಾಕು. ಒಂದು ಕಾಗದ ಮಡಚಿ ಎಳೆದು ನೋಡಿ, ಸಲೀಸಾಗಿ ಬರಬೇಕು.

ಬೇಕಿದ್ದಕ್ಕಿಂತ ಎತ್ತರ ಇಟ್ಟರೆ ಕೆನ್ನೆ ಬಟ್‌ನಿಂದ ಮೇಲೆದ್ದು ತೇಲುತ್ತದೆ, ತಲೆ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ. ಬೋಲ್ಟ್ ರೈಫಲ್‌ನಲ್ಲಿ ಬೋಲ್ಟ್ ಹಿಡಿ ಎತ್ತಿದಾಗ ಸ್ಕೋಪ್‌ನ ಕಣ್ಣಿನ ಭಾಗಕ್ಕೆ ಬಡಿಯುತ್ತಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ರಿಂಗ್ ಸ್ಕ್ರೂ ಎಷ್ಟು ಬಿಗಿ ಮಾಡಬೇಕು? ನಿಜವಾಗಿ ಎಷ್ಟು?

ಇದೇ ಎಲ್ಲಕ್ಕಿಂತ ಮುಖ್ಯ. ಸ್ಕೋಪ್ ಕೊಳವೆಯನ್ನು ಹಿಡಿಯುವ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಹೇಳುವುದು 15ರಿಂದ 18 ಇಂಚು-ಪೌಂಡ್, ಅಂದರೆ 1.7ರಿಂದ 2 ನ್ಯೂಟನ್ ಮೀಟರ್. ಇದು ತುಂಬಾ ಕಮ್ಮಿ. ಮೊದಲ ಸಲ ಟಾರ್ಕ್ ಡ್ರೈವರ್ ಹಿಡಿದವರು "ಇಷ್ಟೇನಾ?" ಅಂತ ಕೇಳಿಯೇ ಕೇಳುತ್ತಾರೆ. ಇಷ್ಟೇ. ಸ್ಕೋಪ್ ಕಂಪನಿ ಒಂದು ಅಂಕಿ, ರಿಂಗ್ ಕಂಪನಿ ಇನ್ನೊಂದು ಅಂಕಿ ಕೊಟ್ಟಿದ್ದರೆ ಎರಡರಲ್ಲಿ ಚಿಕ್ಕದನ್ನು ಹಿಡಿಯಿರಿ.

ರಿಂಗ್ ಪೆಟ್ಟಿಗೆಯ ಮೇಲೆ 65 ಇಂಚು-ಪೌಂಡ್ ಅಂತ ಬರೆದಿರುವುದನ್ನು ನೋಡಿ ಮೋಸ ಹೋದವರು ಬಹಳ. ಅದು ದಪ್ಪ ರಿಂಗ್‌ಗಳನ್ನು ರೈಲ್‌ಗೆ (ಕಚ್ಚುಗಳಿರುವ ಪಟ್ಟಿಗೆ) ಕಚ್ಚಿಸುವ ಕೆಳಗಿನ ನಟ್‌ಗೆ, ಮೇಲಿನ ಪುಟಾಣಿ ಸ್ಕ್ರೂಗಳಿಗಲ್ಲ. ಅಷ್ಟು ಬಲ ಮೇಲೆ ಹಾಕಿದರೆ ಸ್ಕ್ರೂ ಮುರಿಯುತ್ತದೆ, ಅದು ಮುರಿಯದಿದ್ದರೆ ಕೊಳವೆ ಜಜ್ಜುತ್ತದೆ. ಸಾದಾ ವೀವರ್ ರಿಂಗ್‌ನ ಕೆಳಗಿನ ಬೋಲ್ಟ್‌ಗೆ 30ರ ಆಸುಪಾಸು ಸಾಕು. ಬೇಸನ್ನು (ರಿಂಗ್ ಕೂರುವ ತಳಪಟ್ಟಿಯನ್ನು) ರೈಫಲ್‌ಗೆ ಹಿಡಿಯುವ ಸಣ್ಣ ಸ್ಕ್ರೂಗಳಿಗೆ 20ರ ಆಸುಪಾಸು.

ಬಿಗಿ ಮಾಡುವ ಕ್ರಮವೂ ಮುಖ್ಯ. ಕಾರಿನ ಚಕ್ರದ ನಟ್ ಹಾಕುವ ಹಾಗೆ ಮೂಲೆಯಿಂದ ಮೂಲೆಗೆ ಹೋಗಬೇಕು, ಒಂದೊಂದಕ್ಕೂ ಕಾಲು ಸುತ್ತು ಮಾತ್ರ. ಎಡಗಡೆ ಎರಡೂ ಪೂರ್ತಿ ಬಿಗಿ ಮಾಡಿ ಆಮೇಲೆ ಬಲಗಡೆಗೆ ಬಂದರೆ ರಿಂಗ್ ಟೋಪಿ, ಅಂದರೆ ರಿಂಗಿನ ಮೇಲಿನ ಅರ್ಧ, ಸ್ಕೋಪನ್ನು ಹಿಡಿದು ತಿರುಗಿಸಿಬಿಡುತ್ತದೆ. ಅಷ್ಟು ಹೊತ್ತು ನೇರ ಮಾಡಿದ, ಸ್ಕೋಪ್ ಒಳಗೆ ಕಾಣುವ ಗುರಿಯ ಗೆರೆ ಓರೆ ಆಗುತ್ತದೆ. ಮುಗಿದಾಗ ಟೋಪಿಗೂ ತಳಕ್ಕೂ ನಡುವಿನ ಸಂದು ಎರಡೂ ಬದಿ ಒಂದೇ ಸಮ ಇರಬೇಕು. "ಸಂದು ಮುಚ್ಚೋವರೆಗೂ ಬಿಗಿ ಮಾಡಬೇಕಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಮಾಮೂಲಿ ರಿಂಗ್‌ಗಳಲ್ಲಿ ಆ ಸಂದು ಬೇಕೆಂದೇ ಬಿಟ್ಟಿರುವುದು. ಒಂದು ಬದಿ ಪೂರ್ತಿ ಮುಚ್ಚಿ ಇನ್ನೊಂದು ಬದಿಯಲ್ಲಿ ಬಿಗಿ ಮಾಡುವ ಬಗೆಯೂ ಇದೆ, ಆದರೆ ಅದನ್ನು ಅದರ ಕಾಗದದಲ್ಲೇ ಬರೆದಿರುತ್ತಾರೆ.

ಟಾರ್ಕ್ ಡ್ರೈವರ್ ಇಲ್ಲ. ಸೈಕಲ್ ಅಂಗಡಿಯದ್ದು ಆಗುತ್ತಾ?

ಸೈಕಲ್‌ಗೆ ಬಳಸುವ, 4, 5, 6 ನ್ಯೂಟನ್ ಮೀಟರ್‌ಗೆ ಗೊತ್ತು ಮಾಡಿರುವ ಸಣ್ಣ ಕೀ ಬೇಡ. 5 ನ್ಯೂಟನ್ ಮೀಟರ್ ಅಂದರೇ 44 ಇಂಚು-ಪೌಂಡ್ ಆಯಿತು, ಸ್ಕೋಪ್‌ಗೆ ಅದು ವಿಪರೀತ. 2ರಿಂದ ಶುರುವಾಗುವ ದೊಡ್ಡ ರೆಂಚ್‌ಗಳೂ ತೀರಾ ಕೆಳಗಿನ ಅಂಕಿಯಲ್ಲಿ ಅಷ್ಟು ನಂಬಿಕಸ್ಥ ಅಲ್ಲ.

ಏನೂ ಇಲ್ಲ ಅಂದರೆ ಎಲ್ ಆಕಾರದ ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂ ಒಳಗೆ ಹಾಕಿ, ಗಿಡ್ಡ ಕಾಲನ್ನು ಎರಡೇ ಬೆರಳಲ್ಲಿ ಹಿಡಿದು ತಿರುಗಿಸಿ. ಸಾಮಾನ್ಯವಾಗಿ ನಾವು ಹಿಡಿಯುವುದಕ್ಕೆ ಇದು ಉಲ್ಟಾ, ಅದಕ್ಕೇ ಜಾಸ್ತಿ ಬಲ ಬೀಳುವುದಿಲ್ಲ. ಸ್ಕ್ರೂ ಗಟ್ಟಿಯಾಗಿ ನಿಂತಿತು ಅನ್ನಿಸಿದ ಕೂಡಲೇ ಬಿಡಿ. ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತುತ್ತಿದ್ದರೆ ಆಗಲೇ ಜಾಸ್ತಿ ಆಗಿದೆ.

ಸ್ಕ್ರೂಗೆ ಲಾಕ್‌ಟೈಟ್ ಹಾಕಬೇಕಾ?

ಅಂದರೆ ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು. ಬೇಸ್ ಸ್ಕ್ರೂಗಳಿಗೆ ನೀಲಿ ಬಣ್ಣದ್ದು ಒಂದು ಚುಕ್ಕೆ, ಎಣ್ಣೆ ಒರೆಸಿದ ಮೇಲೆ. ರಿಂಗ್ ಟೋಪಿಯ ಸ್ಕ್ರೂಗಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಸಿ ಇದ್ದಾಗ ಅದು ಎಣ್ಣೆಯ ಹಾಗೆ ಜಾರಿಸುತ್ತದೆ, ಡ್ರೈವರ್ ತೋರಿಸುವ ಅಂಕಿ ಅದೇ ಇದ್ದರೂ ಕೊಳವೆ ಮೇಲೆ ಬೀಳುವ ಒತ್ತಡ ಜಾಸ್ತಿ ಆಗುತ್ತದೆ. ಕೆಂಪು ಬಣ್ಣದ್ದು ಎಲ್ಲೂ ಬೇಡವೇ ಬೇಡ. ಅದನ್ನು ಬಿಡಿಸಲು ಚೆನ್ನಾಗಿ ಕಾಯಿಸಬೇಕು, ಸ್ಕೋಪ್ ಪಕ್ಕದಲ್ಲಿ ಬೆಂಕಿ ಇಟ್ಟರೆ ಒಳಗಿನ ರಬ್ಬರ್ ಸೀಲ್‌ಗಳ ಕಥೆ ಮುಗಿಯಿತು.

ಸ್ಕೋಪನ್ನು ಎಷ್ಟು ಹಿಂದೆ, ಎಷ್ಟು ಮುಂದೆ ಇಡಬೇಕು?

ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಬೇಕು. ಅಳೆಯುವುದಕ್ಕಿಂತ ಹೀಗೆ ಮಾಡಿ. ರಿಂಗ್ ಟೋಪಿಗಳನ್ನು ಸ್ಕೋಪ್ ಜಾರುವಷ್ಟು ಸಡಿಲ ಬಿಡಿ. ಝೂಮ್ ಇದ್ದರೆ ಅತಿ ಹೆಚ್ಚಿಗೆ ಇಡಿ, ಏಕೆಂದರೆ ಅಲ್ಲಿ ಕಣ್ಣಿಗೆ ಸಿಗುವ ಜಾಗ ಅತಿ ಕಮ್ಮಿ, ಅಲ್ಲಿ ಸರಿಹೋದರೆ ಉಳಿದ ಕಡೆ ತಾನಾಗೇ ಸರಿ. ಈಗ ಕಣ್ಣು ಮುಚ್ಚಿ, ನೀವು ನಿಜವಾಗಿ ಗುಂಡು ಹೊಡೆಯುವ ಭಂಗಿಯಲ್ಲೇ ರೈಫಲನ್ನು ಹೆಗಲಿಗೆ ಏರಿಸಿ ಕೆನ್ನೆ ಕೂರಿಸಿ. ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಕುತ್ತಿಗೆ ಚಾಚಿ ಹುಡುಕಬೇಕಾಗಿ ಬಂದರೆ ಸ್ಕೋಪ್ ಸರಿಸಿ, ತಲೆ ಸರಿಸಬೇಡಿ.

ಮಲಗಿ ಹೊಡೆಯುವಾಗ ತಲೆ ಮುಂದೆ ಹೋಗುತ್ತದೆ, ನಿಂತಾಗ ಹಿಂದೆ ಬರುತ್ತದೆ. ಯಾವುದು ಜಾಸ್ತಿ ಮಾಡುತ್ತೀರೋ ಅದಕ್ಕೆ ಹೊಂದಿಸಿ. ಒದೆತ ಜೋರಾಗಿರುವ ರೈಫಲ್ ಆದರೆ ಸಂಶಯ ಬಂದಾಗ ಒಂಚೂರು ಮುಂದೆಯೇ ಇರಲಿ. ತೀರಾ ಹತ್ತಿರ ಇಟ್ಟುಕೊಂಡವರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಆಗುತ್ತದೆ, ಕೇಳಿದರೆ ಬಾಗಿಲು ತಗುಲಿತು ಅನ್ನುತ್ತಾರೆ.

ಇನ್ನೊಂದು: ನಡುವೆ ಟರೆಟ್‌ಗಳು (ಗೆರೆಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸುವ ತಿರುಗುಗುಬ್ಬಿಗಳು) ಕೂತಿರುವ ದಪ್ಪ ಭಾಗಕ್ಕೆ ರಿಂಗ್ ತಾಗಿರಬಾರದು, ಕೊಳವೆ ಅಗಲವಾಗಲು ಶುರುವಾಗುವ ಜಾಗಕ್ಕೂ ತಾಗಬಾರದು. ಎರಡು ಮೂರು ಮಿ.ಮೀ. ಬಿಡಿ. ಅಲ್ಲಿ ಹಿಡಿದರೆ ಕೊಳವೆ ಮಣಿಯಲು ಜಾಗ ಇರುವುದಿಲ್ಲ.

ಒಳಗಿನ ಗೆರೆ ನೇರ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಕಣ್ಣಳತೆ ನಂಬಬೇಡಿ. ನಾವೆಲ್ಲ ರೈಫಲನ್ನು ಹೆಗಲ ಮೇಲೆ ಸ್ವಲ್ಪ ಓರೆಯಾಗೇ ಹಿಡಿಯುತ್ತೇವೆ, ಆ ಓರೆಗೆ ಗೆರೆಯನ್ನು ಹೊಂದಿಸಿ ನೇರ ಅಂದುಕೊಳ್ಳುತ್ತೇವೆ.

ಗಾರೆಯವರು ಗೋಡೆಗೆ ಇಳಿಬಿಡುವ ತೂಗುಗುಂಡನ್ನು ಹತ್ತಿಪ್ಪತ್ತು ಮೀಟರ್ ದೂರದಲ್ಲಿ ದಪ್ಪ ದಾರಕ್ಕೆ ಕಟ್ಟಿ ನೇತುಹಾಕಿ. ಗಾಳಿ ಇದ್ದರೆ ಗುಂಡನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ದಾರ ಕುಣಿಯುವುದು ನಿಲ್ಲುತ್ತದೆ. ರೈಫಲನ್ನು ಗಟ್ಟಿಯಾಗಿ ಕೂರಿಸಿ, ಬೇಸ್ ಅಥವಾ ರೈಲ್‌ನ ಚಪ್ಪಟೆ ಭಾಗದ ಮೇಲೆ ಸಣ್ಣ ರಸಮಟ್ಟ ಇಟ್ಟು ಸಮ ಮಾಡಿ. ಈಗ ಸ್ಕೋಪ್ ಒಳಗೆ ನೋಡುತ್ತಾ ಲಂಬ ಗೆರೆ ದಾರದ ಮೇಲೆ ಸರಿಯಾಗಿ ಕೂರುವವರೆಗೆ ಸ್ಕೋಪನ್ನು ಮೆಲ್ಲಗೆ ತಿರುಗಿಸಿ. ಸ್ಕ್ರೂಗಳನ್ನು ಕಾಲು ಸುತ್ತಿನ ಲೆಕ್ಕದಲ್ಲೇ ಒಂದೆರಡು ಸಲ ಬಿಗಿ ಮಾಡಿ, ಮತ್ತೆ ನೋಡಿ. ತಿರುಗಿರುತ್ತದೆ, ಹೇಳಿಟ್ಟಿರುತ್ತೇನೆ. ಸಡಿಲ ಮಾಡಿ, ಮತ್ತೆ ಮಾಡಿ. ಟರೆಟ್ ಟೋಪಿಯ ಮೇಲೆ ರಸಮಟ್ಟ ಇಡುವುದು ಸುಲಭ ನಿಜ, ಆದರೆ ಅಗ್ಗದ ಸ್ಕೋಪ್‌ಗಳಲ್ಲಿ ಟೋಪಿಗೂ ಒಳಗಿನ ಗೆರೆಗೂ ತಾಳೆ ಇರಲೇಬೇಕು ಅಂತ ಏನಿಲ್ಲ.

ಓರೆ ಇದ್ದರೆ ಏನಾಗುತ್ತದೆ? 10 ಮೀಟರ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ದೂರ ಹೋದ ಹಾಗೆ ಪೆಲೆಟ್ ಬೀಳುವಷ್ಟಕ್ಕೂ ಪಕ್ಕಕ್ಕೆ ಪಾಲು ಬರುತ್ತದೆ. ಪೆಲೆಟ್ 25 ಸೆಂ.ಮೀ. ಬೀಳುವ ದೂರದಲ್ಲಿ 3 ಡಿಗ್ರಿ ಓರೆ ಇದ್ದರೆ ಸುಮಾರು 1.3 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಜನ ಅದನ್ನು ಗಾಳಿಯ ತಲೆಗೆ ಕಟ್ಟುತ್ತಾರೆ.

ಮುಂದಿನ ರಿಂಗನ್ನು ಬೇಸ್ ಒಳಗೆ ಹಾಕಿ ತಿರುಗಿಸುವ ಹಳೇ ಬಗೆಯ ಮೌಂಟ್ (ರಿಂಗ್, ಬೇಸ್ ಸೇರಿದ ಹಿಡಿಕೆ) ಇದೆ. ಸ್ಕೋಪ್ ಹಿಡಿದೇ ತಿರುಗಿಸಬಹುದಾ?

ಬೇಡ! ಸ್ಕೋಪ್ ಕೊಳವೆ ಬಾಗುವುದಕ್ಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಒಂದು ಇಂಚಿನ ಗಟ್ಟಿ ಮರದ ಅಥವಾ ಕಬ್ಬಿಣದ ಕೋಲನ್ನು ರಿಂಗ್ ಒಳಗೆ ಹಾಕಿ ಅದರಿಂದ ತಿರುಗಿಸಿ. ಬೇಸ್‌ನ ಗುಳಿಯಲ್ಲಿ ಒಂಚೂರು ಗ್ರೀಸ್ ಇರಲಿ.

ರಿಂಗ್‌ಗಳನ್ನು ಲ್ಯಾಪ್ ಮಾಡಬೇಕು ಅನ್ನುತ್ತಾರಲ್ಲ?

ಅಂದರೆ ಕಬ್ಬಿಣದ ಕೋಲಿಗೆ ಉಜ್ಜುವ ಪೇಸ್ಟ್ ಹಚ್ಚಿ, ಎರಡೂ ರಿಂಗ್‌ನ ಒಳಗೆ ಹಿಂದೆ ಮುಂದೆ ಎಳೆದು, ಎರಡೂ ಒಂದೇ ಗೆರೆಗೆ ಬರುವ ಹಾಗೆ ಮಾಡುವುದು. ಅಗ್ಗದ ಎರಡು ಬಿಡಿ ರಿಂಗ್ ಇದ್ದು ಅವು ಒಂದಕ್ಕೊಂದು ಓರೆ ಇದ್ದರೆ ಪ್ರಯೋಜನ ಇದೆ. ಒಳ್ಳೆ ರಿಂಗ್‌ಗೆ ಬೇಡ, ಒಂದೇ ತುಂಡಿನ ಮೌಂಟ್‌ಗೂ ಸಾಮಾನ್ಯವಾಗಿ ಬೇಡ. ಬರ್ರಿಸ್ ಸಿಗ್ನೇಚರ್ ರಿಂಗ್‌ಗಳಲ್ಲಿ ಒಳಗೆ ಪ್ಲಾಸ್ಟಿಕ್ ಬಳೆ ಇರುತ್ತದೆ, ಅದು ತಾನೇ ತಿರುಗಿ ಸರಿಹೊಂದುತ್ತದೆ, ಅದನ್ನಂತೂ ಉಜ್ಜಲೇಬಾರದು. ಉಜ್ಜಿದ ರಿಂಗನ್ನು ವಾಪಸ್ ಕೊಡಲೂ ಆಗುವುದಿಲ್ಲ. ದುಡ್ಡು ಉಜ್ಜುವ ಪೇಸ್ಟ್‌ಗೆ ಹಾಕುವ ಬದಲು ಒಂದು ಹಂತ ಮೇಲಿನ ರಿಂಗ್‌ಗೆ ಹಾಕಿ.

ಏರ್‌ಗನ್‌ಗೆ ಒದೆತವೇ ಇಲ್ಲ. ಯಾವ ಸ್ಕೋಪ್ ಆದರೂ ನಡೆಯುತ್ತೆ ಅಲ್ವಾ?

ಸ್ಪ್ರಿಂಗ್ ಏರ್ ರೈಫಲ್, ಅಂದರೆ ನಳಿಕೆ ಮುರಿದು ಕಾಕ್ ಮಾಡುವಂಥದ್ದು, ಸ್ಕೋಪ್‌ಗಳ ಪಾಲಿಗೆ ಯಮ. ಟ್ರಿಗರ್ ಎಳೆದಾಗ ಭಾರದ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಕೊನೆಗೆ ಗಾಳಿ ಒತ್ತಿಕೊಂಡು ಪಿಸ್ಟನ್ ಗಕ್ಕನೆ ನಿಂತಾಗ ರೈಫಲ್ ಮುಂದಕ್ಕೆ ಜರ್ಕ್ ಹೊಡೆಯುತ್ತದೆ. ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ. ಬಂದೂಕಿಗೆಂದು ಮಾಡಿದ ಸ್ಕೋಪ್‌ಗಳು ಒಂದು ದಿಕ್ಕಿನ ಒದೆತವನ್ನು ಎಷ್ಟು ಬೇಕಾದರೂ ತಡೆಯುತ್ತವೆ, ಈ ಎರಡನೇ ದಿಕ್ಕಿಗೆ ಒಳಗಿನ ಗಾಜು ಸಡಿಲ ಆಗುತ್ತದೆ, ಗೆರೆ ಕಿತ್ತು ಬರುತ್ತದೆ. ಸ್ಪ್ರಿಂಗ್ ಏರ್‌ಗನ್‌ಗೆ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವ ಸ್ಕೋಪನ್ನೇ ತಗೊಳ್ಳಿ.

ಇದೇ ಕಾರಣಕ್ಕೆ ಇಲ್ಲಿ ಮೌಂಟ್ ಜಾರುವುದು ಹಿಂದಕ್ಕೆ, ನಿಮ್ಮ ಕಣ್ಣಿನ ಕಡೆಗೆ. ಬಿಗಿ ಮಾಡುತ್ತಾ ಹೋದರೆ ಇದು ನಿಲ್ಲುವುದಿಲ್ಲ. ಜನ ಮಾಡುವುದು ಅದನ್ನೇ, ಡವ್‌ಟೇಲ್ ಗೀರು ಸವೆಯುತ್ತದೆ ಅಷ್ಟೆ. ರೈಫಲ್ ಮೇಲೆ ಡವ್‌ಟೇಲ್ ನಡುವೆ ಸಣ್ಣ ತೂತುಗಳು ಇವೆಯಾ ನೋಡಿ. ಸ್ಟಾಪ್ ಪಿನ್ ಇರುವ ಮೌಂಟ್ ತಂದು, ಆ ಪಿನ್ ತೂತಿಗೆ ಇಳಿಯುವ ಹಾಗೆ ಕೂರಿಸಿ. ತೂತಿಲ್ಲದಿದ್ದರೆ ಹಿಂದಿನ ಮೌಂಟ್‌ಗೆ ಒತ್ತಿ ಒಂದು ಸ್ಟಾಪ್ ಬ್ಲಾಕ್ ಹಾಕಿ. ಎರಡು ಬಿಡಿ ರಿಂಗ್‌ಗಿಂತ ಒಂದೇ ತುಂಡಿನ ಮೌಂಟ್ ಇಲ್ಲಿ ಎಷ್ಟೋ ವಾಸಿ. ಸ್ಕೋಪ್ ಕೊಳವೆಯನ್ನೂ ರಿಂಗ್ ಒಳಭಾಗವನ್ನೂ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಕೂರಿಸಿ. ಅರ್ಧ ಜಾರಾಟ ಎಣ್ಣೆ ಕೈಯಿಂದಲೇ ಬರುವುದು.

ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿ.ಸಿ.ಪಿ. ರೈಫಲ್‌ಗೆ ಈ ಯಾವ ಗೋಳೂ ಇಲ್ಲ.

ಟರೆಟ್ ಕೊನೆವರೆಗೂ ತಿರುಗಿಸಿದರೂ ಗುಂಡು ಕೆಳಗೇ ಬೀಳುತ್ತಿದೆ. ಇನ್ನೂ ತಿರುಗಿಸಲಾ?

ಬೇಡ, ಅಲ್ಲೇ ನಿಲ್ಲಿಸಿ. ಕೊನೆ ಮುಟ್ಟಿದ ಮೇಲೆ ಬಲ ಹಾಕಿದರೆ ಒಳಗಿನ ತಿರುಪು ಹಾಳಾಗುತ್ತದೆ. ಕೊನೆಯ ಹತ್ತಿರ ಒಳಸ್ಪ್ರಿಂಗ್‌ಗೆ ಬಲ ಉಳಿದಿರುವುದಿಲ್ಲ, ಕ್ಲಿಕ್ ಮಾಡಿದರೂ ಗೆರೆ ಸರಿಯಾಗಿ ಸರಿಯುವುದಿಲ್ಲ, ಒಂದೊಂದು ಗುಂಡು ಒಂದೊಂದು ಕಡೆ ಹೋಗುತ್ತದೆ.

ನಳಿಕೆ ಮುರಿಯುವ ಏರ್ ರೈಫಲ್‌ಗಳಲ್ಲಿ ನಳಿಕೆ ಸ್ವಲ್ಪ ತಲೆ ತಗ್ಗಿಸಿಕೊಂಡಿರುವುದು ಮಾಮೂಲಿ. ಹಿಂದೆ ಎತ್ತರ, ಮುಂದೆ ತಗ್ಗು ಇರುವ ಡ್ರೂಪ್ ಮೌಂಟ್ ಅಥವಾ ಎತ್ತರ ಹೊಂದಿಸುವ ಮೌಂಟ್ ಅದಕ್ಕೆ ಮದ್ದು. ಹಿಂದಿನ ರಿಂಗ್ ಒಳಗೆ ಹಳೇ ಫಿಲ್ಮ್ ತುಂಡೋ ತಂಪುಪಾನೀಯದ ಡಬ್ಬಿಯ ತಗಡೋ ಮಡಚಿ ಇಡುವ ಉಪಾಯ ಎಲ್ಲರಿಗೂ ಗೊತ್ತು. ತೆಳ್ಳಗಿನ ಒಂದು ಪದರ ನಡೆದೀತು. ಮೂರ್ನಾಲ್ಕು ಪದರ ಹಾಕಿದರೆ ಎರಡು ರಿಂಗ್ ಸೇರಿ ಕೊಳವೆಯನ್ನೇ ಬಗ್ಗಿಸುತ್ತವೆ. ತಗಡು ಇಡಲೇಬೇಕಾದರೆ ಬೇಸ್ ಕೆಳಗೆ ಇಡಿ, ರಿಂಗ್ ಒಳಗಲ್ಲ.

ಬಳಸಿದ ಸ್ಕೋಪ್ ತಂದಿದ್ದರೆ ಕೂರಿಸುವ ಮೊದಲೇ ಟರೆಟ್‌ಗಳನ್ನು ನಡುವಿಗೆ ತನ್ನಿ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ಕ್ಲಿಕ್ ಎಣಿಸಿ, ಅರ್ಧಕ್ಕೆ ವಾಪಸ್ ಬನ್ನಿ.

ಝೀರೋ ಮಾಡುವಾಗ ಎಷ್ಟು ಕ್ಲಿಕ್?

ಮೊದಲು ಹತ್ತಿರದಿಂದ ಶುರು ಮಾಡಿ. ಬೋಲ್ಟ್ ರೈಫಲ್ ಆದರೆ ಬೋಲ್ಟ್ ತೆಗೆದು, ನಳಿಕೆಯೊಳಗಿಂದ 25 ಮೀಟರ್ ದೂರದ ಗುರಿ ನೋಡಿ, ರೈಫಲ್ ಅಲುಗಾಡಿಸದೆ ಸ್ಕೋಪ್ ಗೆರೆಯನ್ನು ಅಲ್ಲಿಗೇ ತನ್ನಿ. ಮೊದಲ ಗುಂಡು ಕಾಗದದ ಮೇಲೆ ಬೀಳಲು ಇಷ್ಟು ಸಾಕು. ನಳಿಕೆ ಬಾಯಿಗೆ ಸಿಕ್ಕಿಸುವ ಲೇಸರ್ ಬಳಸಿದರೆ ಗುಂಡು ಹಾಕುವ ಮೊದಲು ಅದನ್ನು ತೆಗೆದು ಜೇಬಿಗೆ ಹಾಕಿ.

ಎಂ.ಓ.ಎ., ಮಿಲ್ ಎರಡೂ ಕೋನದ ಅಳತೆಗಳು, ಸ್ಕೋಪ್ ಮೇಲೆ ಬರೆದಿರುತ್ತದೆ. ಕಾಲು ಎಂ.ಓ.ಎ. ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಅಂದರೆ 100 ಮೀಟರ್‌ಗೆ 7.3 ಮಿ.ಮೀ., 25 ಮೀಟರ್‌ಗೆ 1.8 ಮಿ.ಮೀ., 10 ಮೀಟರ್‌ಗೆ 0.7 ಮಿ.ಮೀ. 25 ಮೀಟರ್‌ನಲ್ಲಿ 4 ಸೆಂ.ಮೀ. ಕೆಳಗೆ ಬಿತ್ತು ಅಂದರೆ 22 ಕ್ಲಿಕ್ ಮೇಲಕ್ಕೆ. 0.1 ಮಿಲ್ ಸ್ಕೋಪ್ ಆದರೆ 100 ಮೀಟರ್‌ಗೆ 10 ಮಿ.ಮೀ., ಲೆಕ್ಕ ಇನ್ನೂ ಸುಲಭ. ಒಂದು ಗುಂಡು ನೋಡಿ ತಿರುಗಿಸಬೇಡಿ, ಮೂರು ಹೊಡೆದು ಅದರ ನಡುವನ್ನು ಹಿಡಿಯಿರಿ.

ಎಲ್ಲಾ ಸರಿಯಾಗಿ ಮಾಡಿದೆ, ಆದರೂ ಗುಂಡು ಒಂದೇ ಕಡೆ ಬೀಳುತ್ತಿಲ್ಲ. ಸ್ಕೋಪ್ ಹೋಯ್ತಾ?

ಸ್ಕೋಪನ್ನು ಬೈಯುವ ಮೊದಲು ಬೇಸ್ ಸ್ಕ್ರೂ ನೋಡಿ, ಆಮೇಲೆ ಮರದ ಹಿಡಿಯನ್ನು ಹಿಡಿದಿರುವ ಸ್ಕ್ರೂಗಳನ್ನು ನೋಡಿ. ಏರ್‌ಗನ್‌ನಲ್ಲಿ ಈ ಹಿಡಿಯ ಸ್ಕ್ರೂಗಳೇ ಜಾಸ್ತಿ ಸಡಿಲ ಆಗುವುದು. ಸ್ಕೋಪ್ ಜಾರಿದೆಯಾ ಅಂತ ತಿಳಿಯಲು ರಿಂಗ್ ಅಂಚಿನಲ್ಲಿ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟುಕೊಳ್ಳಿ. ಪೆಲೆಟ್ ಬದಲಿಸಿ ನೋಡಿ.

ಪ್ಯಾರಲಾಕ್ಸ್ ಕೂಡ ಇರಬಹುದು. ದೊಡ್ಡ ರೈಫಲ್‌ಗೆ ಮಾಡಿದ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನು 10 ಮೀಟರ್‌ಗೆ ಬಳಸಿದರೆ ಚಿತ್ರ ಮಂಜಾಗುತ್ತದೆ, ತಲೆ ಅಲುಗಿಸಿದರೆ ಗೆರೆ ಗುರಿಯ ಮೇಲೆ ತೇಲುತ್ತದೆ.

ಇದೆಲ್ಲ ಮುಗಿದ ಮೇಲೆ ಸ್ಕೋಪ್ ಸರದಿ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ, ಒಳಗೆ ಏನಾದರೂ ಸದ್ದು ಮಾಡಿದರೆ ಸಡಿಲ ಆಗಿದೆ ಅಂತ ಅರ್ಥ. ಟರೆಟ್ ತಿರುಗಿಸಿ ನೋಡಿ, ಒಂದೊಂದು ಕ್ಲಿಕ್ ಬೆರಳಿಗೆ ಬೇರೆ ಬೇರೆಯಾಗಿ ತಾಗಬೇಕು. ನಡುವೆ ಎಲ್ಲಾದರೂ ಮೆತ್ತಗೆ ಜಾರಿದ ಹಾಗಾದರೆ ಅನುಮಾನ ಪಡಿ. 10 ಕ್ಲಿಕ್ ಮೇಲೆ, 10 ಬಲಕ್ಕೆ, 10 ಕೆಳಗೆ, 10 ಎಡಕ್ಕೆ ಹೋಗಿ ಪ್ರತಿ ಮೂಲೆಯಲ್ಲೂ ಎರಡು ಮೂರು ಗುಂಡು ಹೊಡೆಯಿರಿ. ಚೌಕ ಬಂದು, ಕೊನೆಯ ಗುಂಡುಗಳು ಮೊದಲಿನ ಜಾಗಕ್ಕೇ ಬಿದ್ದರೆ ಸ್ಕೋಪ್ ಚೆನ್ನಾಗೇ ಇದೆ.

ರಿಂಗ್ ತೆಗೆದಾಗ ಕೊಳವೆ ಮೇಲೆ ಗುರುತು ಕಾಣುತ್ತಿದೆ. ಹಾಳಾಯಿತಾ?

ಉಗುರು ಎಳೆದು ನೋಡಿ. ಬಣ್ಣ ಮಾತ್ರ ಹೊಳೆಯುತ್ತಿದ್ದು ಉಗುರಿಗೆ ಏನೂ ಸಿಗದಿದ್ದರೆ ಅದು ಬರೀ ಉಜ್ಜಿದ ಕಲೆ. ಉಗುರು ಅಂಚಿನಲ್ಲಿ ಟಕ್ ಅಂತ ನಿಂತರೆ ಅಲ್ಲಿ ಲೋಹ ಒಳಗೆ ಹೋಗಿದೆ. ಗುರುತು ರಿಂಗ್‌ನ ಒಂದೇ ಅಂಚಿನಲ್ಲಿ, ಅರ್ಧಚಂದ್ರದ ಹಾಗಿದ್ದರೆ ಎರಡು ರಿಂಗ್ ಒಂದೇ ಗೆರೆಯಲ್ಲಿ ಇರಲಿಲ್ಲ. ಸುತ್ತಲೂ ಸಮನಾದ ಬಳೆಯ ಹಾಗಿದ್ದರೆ ಬಿಗಿ ಜಾಸ್ತಿ ಆಗಿತ್ತು. ಝೂಮ್ ಬಳೆ ಗಟ್ಟಿ ಆಗಿದೆಯಾ ಅಂತ ತಿರುಗಿಸಿ ನೋಡಿ, ಅದು ಆಳದ ಜಜ್ಜಿನ ಲಕ್ಷಣ. ವಾರಂಟಿಗೆ ಕಳಿಸಿದರೆ ಅವರು ಮೊದಲು ನೋಡುವುದೇ ಈ ಗುರುತನ್ನು.

ನನ್ನ ರೈಫಲ್ ಮೇಲೆ ಬೇಸ್ ಹಾಕುವ ತೂತೇ ಇಲ್ಲ. ಲೇತ್ ಅಂಗಡಿಯಲ್ಲಿ ಹಾಕಿಸಬಹುದಾ?

ಪರವಾನಗಿ ಬೇಕಾದ ಬಂದೂಕು ಆದರೆ ಖಂಡಿತ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡಲು, ಬದಲಾಯಿಸಲು ಪರವಾನಗಿ ಇರುವವರೇ ಬೇಕು. ಲೇತ್ ಅಂಗಡಿಯವರಿಗೂ ತೊಂದರೆ, ನಿಮಗೂ ತೊಂದರೆ. ಕಾನೂನು ಪಕ್ಕಕ್ಕಿಟ್ಟರೂ, ಚೇಂಬರ್ ಮೇಲೆ ಒಂದು ತೂತು ಜಾಸ್ತಿ ಆಳಕ್ಕೆ ಹೋದರೆ ಅದು ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಇರುತ್ತದೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ.

ಕೊಡಗಿನವನು ನಾನು, ಮನೆಯಲ್ಲಿ ಜೋಡಿನಳಿಕೆ ಕೋವಿ ಇದೆ. ಅದಕ್ಕೆ ಸ್ಕೋಪ್ ಹಾಕಬಹುದಾ?

ಅಣ್ಣಾ, ಯಾಕೆ? 12 ಬೋರ್ ಚರೆ ಕೋವಿಯ ಕೆಲಸ ಮೂವತ್ತು ನಲವತ್ತು ಮೀಟರ್ ಒಳಗೆ. ಮೇಲೆ ಬೇಸ್ ಕೂರಿಸಲು ಜಾಗ ಇಲ್ಲ, ಒದೆತ ಜೋರು, ಸ್ಕೋಪ್ ಹುಬ್ಬಿಗೆ ಬಡಿಯುತ್ತದೆ. ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ಪೂಜೆಗೆ ಇಡುವ ಕೋವಿಯ ಮೇಲೆ ತೋಕ್ ಪೂ, ಅಂದರೆ ಕೋವಿ ಹೂವು, ಚೆಂದ, ಅಲ್ಯೂಮಿನಿಯಂ ಕೊಳವೆ ಅಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಮಜಾ ಕೂಡ ಬರಿಗಣ್ಣಲ್ಲೇ ಇರುವುದು.

ರೈಫಲ್ ಕ್ಲಬ್ ಸೇರುತ್ತಿದ್ದೇನೆ, 10 ಮೀಟರ್‌ಗೆ ಯಾವ ಸ್ಕೋಪ್ ಒಳ್ಳೆಯದು?

ಯಾವುದೂ ಅಲ್ಲ. ಒಲಿಂಪಿಕ್ಸ್‌ನಲ್ಲಿ ಇರುವ 10 ಮೀಟರ್ ಏರ್ ರೈಫಲ್‌ಗೆ ಸ್ಕೋಪ್ ಹಾಕುವ ಹಾಗೇ ಇಲ್ಲ. ಸಣ್ಣ ತೂತಿನ ಪೀಪ್ ಸೈಟ್ ಮಾತ್ರ, ಅದರಲ್ಲೇ ಅರ್ಧ ಮಿ.ಮೀ. ಚುಕ್ಕೆಗೆ ಹೊಡೆಯುತ್ತಾರೆ. ಸ್ಕೋಪ್ ದುಡ್ಡು ಉಳಿಯಿತು, ಜಾಕೆಟ್‌ಗೆ ಹಾಕಿ.

ಹಕ್ಕಿ ಹೊಡೆಯಲು...

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿಕೊಳ್ಳಿ. ಕಾಗದದ ಗುರಿ, ಖಾಲಿ ಡಬ್ಬಿ, ಅಷ್ಟೇ.

ಮಳೆಗಾಲದಲ್ಲಿ ಸ್ಕೋಪ್ ಒಳಗೆ ಮಂಜು ಕಟ್ಟುತ್ತದೆ. ಬಿಚ್ಚಿ ಒರೆಸಲಾ?

ಹೊರಗಿನ ಗಾಜಿಗೆ ಮಂಜು ಬಂದರೆ ಅದು ಮಾಮೂಲಿ, ಹೋಗುತ್ತದೆ. ಒಳಗಡೆ ಕಟ್ಟಿದರೆ ಸೀಲ್ ಹೋಗಿದೆ. ಒಳ್ಳೆ ಸ್ಕೋಪ್‌ಗಳ ಒಳಗೆ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬಿರುತ್ತಾರೆ. ಮನೆಯಲ್ಲಿ ಬಿಚ್ಚಿದರೆ ಅದು ಹೋಗಿ ಮಲೆನಾಡಿನ ತೇವ ಒಳಗೆ ಬಂದು ಕೂರುತ್ತದೆ, ಮುಂದಿನ ಮಳೆಗಾಲಕ್ಕೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು. ಕಂಪನಿಗೇ ಕಳಿಸಿ.

ಉಳಿದ ದಿನಗಳಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಗಾಜು ಒರೆಸುವಾಗ ಮೊದಲು ಬ್ಲೋವರ್‌ನಿಂದ ಧೂಳು ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಲೆನ್ಸ್ ಬಟ್ಟೆ. ಪಂಚೆಯ ತುದಿ ಬೇಡ, ಪೆಟ್ರೋಲ್, ಥಿನ್ನರ್ ಅಂತೂ ಹತ್ತಿರಕ್ಕೂ ತರಬೇಡಿ.

ಸ್ಕೋಪ್ ಹಿಡಿದು ರೈಫಲ್ ಎತ್ತಬಹುದಾ?

ಎತ್ತಬೇಡಿ. ನಳಿಕೆ ಮುರಿಯುವ ಏರ್ ರೈಫಲ್ ಕಾಕ್ ಮಾಡುವಾಗ ಸುಮ್ನೆ ಹಿಡಿತಕ್ಕೆ ಸಿಗುತ್ತದೆ ಅಂತ ಸ್ಕೋಪ್ ಹಿಡಿದು ಎಳೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಟ್ ಹಿಡಿದು ತೊಡೆಗೆ ಒತ್ತಿ ಕಾಕ್ ಮಾಡಿ.

ಸ್ಕೋಪ್ ತೆಗೆದು ಮತ್ತೆ ಹಾಕಿದರೆ ಝೀರೋ ಅದೇ ಇರುತ್ತಾ?

ರಿಂಗ್ ಟೋಪಿ ಬಿಚ್ಚಿದರೆ ಇರುವುದಿಲ್ಲ. ರಿಂಗ್ ಸಮೇತ ರೈಲ್‌ನಿಂದ ತೆಗೆದು ಅದೇ ಕಚ್ಚಿಗೆ, ಅದೇ ಹಾಗೆ ಮುಂದಕ್ಕೆ ಒತ್ತಿ, ಅದೇ ಬಿಗಿಗೆ ಹಾಕಿದರೆ ಹತ್ತಿರ ಬರುತ್ತದೆ. ಯಾವ ಕಚ್ಚು ಅಂತ ಬಣ್ಣದ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ, ಬಿಗಿಯ ಅಂಕಿಯನ್ನು ಸ್ಕೋಪ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಹಾಕಿದ ಮೇಲೆ ಮೂರು ಗುಂಡು ಹೊಡೆದು ನೋಡದೆ ಯಾವ ಸ್ಪರ್ಧೆಗೂ ಹೋಗಬೇಡಿ.